ಪೆನ್ಸಿಲ್ಲಿನಲ್ಲಿ ಬರೆದ ಪ್ರಶ್ನೆ

ನಮ್ಮ ಊರಿನಲ್ಲಿ ಪ್ರತಿಯೊಬ್ಬರಿಗೂ ಜೀವಮಾನಕ್ಕೆ ಒಂದು ಪ್ರಶ್ನೆ ಸಿಗುತ್ತದೆ. ಅದನ್ನು ಹಾಳು ಮಾಡುವುದಕ್ಕೆ ಹತ್ತು ಜನ ದೊಡ್ಡವರೂ ಸಿಗುತ್ತಾರೆ. ಆ ಹತ್ತು ಜನರಲ್ಲಿ ಮೊದಲನೆಯವಳು ನಾನು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಇಪ್ಪತ್ತಾರು ವರ್ಷ ಊರ ಲೈಬ್ರರಿಯಲ್ಲಿ ಕೂತು, ಪಿಯುಸಿ ಮುಗಿಸಿ ಬಂದ ಮಕ್ಕಳಿಗೆ ಪ್ರಶ್ನೆ ಬರೆಸಿದವಳು ನಾನೇ. ಹೆಸರು ಸುಶೀಲಾಬಾಯಿ. ಆ ಹೆಸರು ನೆನಪಿರುವುದು ನನ್ನ ರೇಷನ್ ಕಾರ್ಡಿಗೆ ಮಾತ್ರ, ಊರಿಗೆಲ್ಲ ನಾನು ಲೈಬ್ರರಿ ಮೇಡಂ.

ಪ್ರಶ್ನೆ ಹಾಕುವ ಪೆಟ್ಟಿಗೆ ಇರುವುದು ಹಳೆಯ ಉಗ್ರಾಣದ ಹಿಂಗೋಡೆಯಲ್ಲಿ. ಹದಿನೇಳು ತುಂಬಿದವರಿಗೆ ಪುರಸಭೆಯವರು ಒಂದು ಬಿಳಿ ಕಾರ್ಡು ಕೊಡುತ್ತಾರೆ, ಒಬ್ಬರಿಗೆ ಒಂದೇ. ಸ್ವಂತ ಕೈಬರಹದಲ್ಲಿ ಒಂದು ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕಿದರೆ ಮೂರನೇ ದಿನ ಬೆಳಿಗ್ಗೆ ಅದೇ ಕಾರ್ಡು ಮನೆಯ ಹೊಸ್ತಿಲ ಮೇಲೆ ಬಿದ್ದಿರುತ್ತದೆ, ಹಿಂಬದಿಯಲ್ಲಿ ಉತ್ತರದ ಸಮೇತ. ಉತ್ತರ ಸುಳ್ಳಾದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಜನ ಮನಸ್ಸಿಗೆ ಬಂದದ್ದನ್ನು ಕೇಳಿ ಮುಗಿಸಿಬಿಡುತ್ತಿದ್ದರು. ಒಬ್ಬಾತ ಕಳೆದುಹೋದ ಎಮ್ಮೆ ಎಲ್ಲಿದೆ ಎಂದು ಕೇಳಿದ. ಎಮ್ಮೆ ಅವನ ಷಡ್ಡಕನ ಕೊಟ್ಟಿಗೆಯಲ್ಲಿತ್ತು. ಎಮ್ಮೆ ಸಿಕ್ಕಿತು, ಷಡ್ಡಕ ಹೋದ. ಒಬ್ಬಳು ಮದುವೆಯ ಹಿಂದಿನ ದಿನ ಗಂಡಿನ ನಿಜವಾದ ವಯಸ್ಸು ಕೇಳಿದಳು. ಉತ್ತರ ಬರುವಷ್ಟರಲ್ಲಿ ಕೊರಳಿಗೆ ತಾಳಿ ಬಿದ್ದಾಗಿತ್ತು. ಇದನ್ನೆಲ್ಲ ನೋಡಿ ನೋಡಿ ಸಾಕಾಗಿ ಊರ ಹಿರಿಯರು ಒಂದು ಪದ್ಧತಿ ಮಾಡಿದರು. ಇನ್ನು ಮುಂದೆ ಮಕ್ಕಳ ಪ್ರಶ್ನೆ ಕಾಲೇಜಿಗೆ ಮೀಸಲು. ಆಚೆ ಹೋಗಿ ಓದಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಯಾವ ಕಾಲೇಜಿನಲ್ಲಿ ಪಾಠ ನಡೆಯುತ್ತದೆ, ಯಾವುದರಲ್ಲಿ ಬರೀ ಬೋರ್ಡು ಇದೆ ಎಂದು ಹೇಳುವ ನೆಂಟರಿಷ್ಟರೂ ಇರಲಿಲ್ಲ. ಇದ್ದದ್ದು ಪೆಟ್ಟಿಗೆ ಮಾತ್ರ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ತುಂಬ ಹುರುಪಿನವಳಾಗಿದ್ದೆ. ಎಲ್ಲ ಕಾಲೇಜುಗಳಿಗೂ ಪತ್ರ ಹಾಕಿ ಪ್ರಾಸ್ಪೆಕ್ಟಸ್ ತರಿಸಿದೆ. ಎರಡು ಕಪಾಟು ತುಂಬಿದವು. ಒಂದೊಂದನ್ನೂ ಓದಿ, ಫೀಸೆಷ್ಟು, ಹಾಸ್ಟೆಲ್ ಉಂಟೇ, ಯಾವ ವಿದ್ಯಾರ್ಥಿವೇತನಕ್ಕೆ ಯಾವ ತಿಂಗಳು ಅರ್ಜಿ ಎಂದು ಅಂಚಿನಲ್ಲಿ ಗುರುತು ಹಾಕಿಡುತ್ತಿದ್ದೆ. ಮಕ್ಕಳನ್ನು ಕೂರಿಸಿಕೊಂಡು ನಿನಗೇನು ಓದುವ ಆಸೆ ಎಂದು ಕೇಳುತ್ತಿದ್ದೆ. ಆ ಆಸೆಯನ್ನೂ ಪ್ರಶ್ನೆಯೊಳಗೆ ಸೇರಿಸಿ ಬರೆಸುತ್ತಿದ್ದೆ.

ತಿಪ್ಪೇಶ ಎಂಬ ಹುಡುಗ ಬಂದದ್ದು ಆಗಲೇ. ಅವನಿಗೆ ಹಡಗಿನ ಎಂಜಿನ್ ಬಗ್ಗೆ ಓದುವ ಆಸೆ. ಸಮುದ್ರವನ್ನು ನೋಡಿರಲಿಲ್ಲ, ಆಸೆ ಮಾತ್ರ ಇತ್ತು. ಇಬ್ಬರೂ ಕೂತು ಒಂದು ವಾರ ಪ್ರಶ್ನೆ ತಿದ್ದಿದೆವು. ನನಗೆ ಸೀಟು ಕೊಡುವ, ನಮ್ಮ ಮನೆಯವರಿಂದ ಫೀಸು ಕಟ್ಟಲು ಆಗುವ, ಊಟಕ್ಕೆ ತೊಂದರೆಯಿಲ್ಲದ, ಮುಗಿಸಿದ ಮೇಲೆ ಕೆಲಸ ಸಿಗುವ, ಹಡಗಿನ ಎಂಜಿನ್ ಕಲಿಸುವ ಕಾಲೇಜು ಯಾವುದು? ಮೂರನೇ ದಿನ ಕಾರ್ಡು ಬಂತು. ಹಿಂಬದಿಯಲ್ಲಿ ಒಂದೇ ಮಾತು ಇತ್ತು: ಇಲ್ಲ. ಅಲ್ಲಿಗೆ ಅವನ ಪ್ರಶ್ನೆ ಮುಗಿಯಿತು. ಅವನ ತಾಯಿ ಲೈಬ್ರರಿ ಮೆಟ್ಟಿಲ ಮೇಲೆ ಕೂತು, ಬಯ್ಯಲೂ ಇಲ್ಲ, ಅಳಲೂ ಇಲ್ಲ, ಸೆರಗಿನಲ್ಲಿ ಕಾರ್ಡನ್ನು ಸುತ್ತಿಕೊಂಡು ಎದ್ದು ಹೋದಳು. ತಿಪ್ಪೇಶ ಈಗ ಬಸ್ ನಿಲ್ದಾಣದ ಹತ್ತಿರ ಪಂಚರ್ ಅಂಗಡಿ ಇಟ್ಟಿದ್ದಾನೆ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುವಾಗ ನಾನು ಆ ದಾರಿಯಲ್ಲಿ ಹೋದರೆ, ಹಡಗು ಬಿಡ್ತಿದ್ದೀನಿ ಮೇಡಂ ಎನ್ನುತ್ತಾನೆ. ತಮಾಷೆಗೇ ಹೇಳುತ್ತಾನೆ. ನನಗೆ ಮಾತ್ರ ನಗು ಬರುವುದಿಲ್ಲ.

ಅಂದಿನಿಂದ ನಾನು ಹುಷಾರಾದೆ. ಐದು ಷರತ್ತಿನಲ್ಲಿ ಒಂದನ್ನು ಬಿಟ್ಟರೆ ಉತ್ತರ ಖಂಡಿತ ಬರುತ್ತದೆ ಎಂದು ಲೆಕ್ಕ ಹಾಕಿದೆ. ಸೀಟನ್ನು ಬಿಡುವಂತಿಲ್ಲ, ಫೀಸನ್ನು ಬಿಡುವಂತಿಲ್ಲ, ಊಟ ಬಿಟ್ಟರೆ ಬದುಕುವುದಿಲ್ಲ, ಕೆಲಸ ಬಿಟ್ಟರೆ ತಂದೆತಾಯಿ ಬಿಡುವುದಿಲ್ಲ. ಉಳಿದದ್ದು ಆಸೆ. ಅದನ್ನು ಬಿಟ್ಟೆ. ಬಿಟ್ಟ ಮೇಲೆ ಪ್ರಶ್ನೆ ಎಷ್ಟು ನುಣುಪಾಯಿತೆಂದರೆ, ಒಬ್ಬರಿಗೂ ಇಲ್ಲ ಎಂಬ ಉತ್ತರ ಬರಲಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ, ಅವರವರಿಗೆ ಅವರವರ ಕಾಲೇಜು. ಮಕ್ಕಳು ಸಾಲಾಗಿ ಕೂತು ಉಕ್ತಲೇಖನ ಬರೆಯುವ ಹಾಗೆ ಬರೆದುಕೊಂಡು ಹೋಗುತ್ತಿದ್ದರು. ಊರಿನವರು ನನಗೆ ಶಾಲು ಹೊದಿಸಿದರು. ಪ್ರಾಸ್ಪೆಕ್ಟಸ್‌ಗಳು ಬರುತ್ತಲೇ ಇದ್ದವು. ನಾನು ಓದುವುದನ್ನು ನಿಲ್ಲಿಸಿದೆ. ಪೆಟ್ಟಿಗೆಗೆ ಎಲ್ಲ ಗೊತ್ತಿರುವಾಗ ನಾನೇಕೆ ಕಣ್ಣು ನೋಯಿಸಿಕೊಳ್ಳಲಿ?

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ನನ್ನ ಸ್ವಂತ ಕಾರ್ಡು ಇನ್ನೂ ಖಾಲಿ ಇತ್ತು. ಹದಿನೇಳರಲ್ಲಿ ಸಿಕ್ಕಿದ್ದನ್ನು, ಇನ್ನೂ ಒಳ್ಳೆಯ ಪ್ರಶ್ನೆ ಬರಲಿ ಎಂದು ಟ್ರಂಕಿನ ತಳದಲ್ಲಿ ಇಟ್ಟುಕೊಂಡೆ. ಇಷ್ಟು ದಿನ ಇಟ್ಟುಕೊಂಡು ಮೇಡಂ ಮೋಕ್ಷ ಯಾವಾಗ ಅಂತ ಕೇಳ್ತಾರೇನೋ ಎಂದು ಊರಿನವರು ನಗುತ್ತಿದ್ದರು. ಊರಿಗೆಲ್ಲ ಪ್ರಶ್ನೆ ಬರೆಸುವವಳಿಗೆ ತನ್ನದೊಂದು ಪ್ರಶ್ನೆ ಹೊಳೆಯಲಿಲ್ಲ ಎಂದರೆ ನಗುವಂಥದ್ದೇ.

ಕಾಮಾಕ್ಷಿ ತಕ್ಕಡಿ ರಿಪೇರಿಯ ಮೌನೇಶಾಚಾರ್ ಮಗಳು. ಸಂತೆಬೀದಿಯಲ್ಲಿ ಅವರದು ಒಂದು ಬಾಗಿಲಿನ ಅಂಗಡಿ. ತಕ್ಕಡಿಯ ಮುಳ್ಳು ನೇರ ಮಾಡುವುದು, ಸವೆದ ತೂಕದ ಬಟ್ಟುಗಳಿಗೆ ಸೀಸ ತುಂಬಿ ಸರಿಪಡಿಸಿ ಸರ್ಕಾರದ ಮುದ್ರೆಗೆ ಕಳಿಸುವುದು ಅವರ ಕಸುಬು. ಪರೀಕ್ಷೆಗೆಂದು ಇಟ್ಟ ಹಿತ್ತಾಳೆಯ ಬಟ್ಟುಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿದ್ದರು. ಬರಿಗೈಯಲ್ಲಿ ಮುಟ್ಟಿದರೆ ಬೆವರು ಅಂಟಿ ತೂಕ ತಪ್ಪುತ್ತದಂತೆ. ಈ ಹುಡುಗಿ ಹತ್ತು ವರ್ಷದವಳಿದ್ದಾಗ ಅಪ್ಪನನ್ನು ಕೇಳಿದಳಂತೆ: ಅಂಗಡಿಯವರ ತೂಕವನ್ನು ನೀನು ನೋಡ್ತೀಯ, ನಿನ್ನ ತೂಕ ಸರಿಯಿದೆ ಅಂತ ಯಾರು ನೋಡ್ತಾರೆ? ಇನ್‌ಸ್ಪೆಕ್ಟರ್ ಎಂದರು. ಇನ್‌ಸ್ಪೆಕ್ಟರದ್ದನ್ನು? ಅವರ ಮೇಲಿನವರು. ಅವರ ಮೇಲಿನವರದ್ದನ್ನು? ಮೌನೇಶಾಚಾರ್ ಸೋತು, ಲೈಬ್ರರಿ ಮೇಡಂನ ಕೇಳು ಹೋಗು ಎಂದು ಕಳಿಸಿದರು. ಅವತ್ತಿನಿಂದ ಅವಳು ದಿನಾ ಲೈಬ್ರರಿಗೆ ಬಂದಳು. ನಾನೂ ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲಿಲ್ಲ, ಸಿಕ್ಕಿದ ಪುಸ್ತಕಗಳನ್ನು ಕೊಟ್ಟೆ. ಅವಳ ಬಗ್ಗೆ ನನಗೆ ಮಗಳಂಥ ಪ್ರೀತಿ ಇತ್ತು. ಅದಕ್ಕೇ ಇಷ್ಟು ಸಂಕಟ.

ಪಿಯುಸಿ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಒಂದು ದಿನ ಅವಳು ಬಂದು ಕೂತವಳೇ, ಮೇಡಂ, ನಿಮ್ಮ ಮೇಜು ಎಡಕ್ಕೆ ವಾಲಿದೆ ಎಂದಳು. ನನಗೆ ಕಾಣುತ್ತಿರಲಿಲ್ಲ. ಅವಳು ಪೆನ್ಸಿಲ್ ಇಟ್ಟು ತೋರಿಸಿದಳು, ಅದು ಉರುಳಿ ಬಿತ್ತು. ಕೆಳಗಿನ ಕಪಾಟಿನಿಂದ ತೆಳ್ಳಗಿರೋದು ಯಾವುದಾದರೂ ಪ್ರಾಸ್ಪೆಕ್ಟಸ್ ತೆಗೆದು ಕಾಲಿಗೆ ಕೊಡು ಎಂದೆ. ಅವಳು ನೀಲಿ ರಟ್ಟಿನ ಒಂದನ್ನು ಎಳೆದುಕೊಂಡು ಮೇಜಿನ ಕೆಳಗೆ ಹೋದಳು. ಹೋದವಳು ಬರಲೇ ಇಲ್ಲ. ಕಾಲು ಗಂಟೆಯಾದರೂ ಆಗಿರಬೇಕು.

"ಮೇಜಿನ ಕೆಳಗೆ ಏನಮ್ಮಾ ನಿನ್ನ ಸಂಶೋಧನೆ?" ಎಂದೆ.

"ಮೇಡಂ, ಇದನ್ನ ಇಡಬಹುದಾ? ಬೇಕಾಗಲ್ವಾ?"

"ಯಾರಿಗೆ ಬೇಕು ಅದು, ಇಡಮ್ಮ ಸುಮ್ಮನೆ."

ಇಟ್ಟಳು. ಮೇಜು ಗಟ್ಟಿಯಾಗಿ ನಿಂತಿತು. ಈಚೆ ಬಂದು ಅಂಗೈಯಲ್ಲಿ ಮೂಲೆ ಒತ್ತಿ ನೋಡಿ, ಮೊಣಕಾಲಿನ ಧೂಳು ಒರೆಸಿಕೊಂಡು ಮನೆಗೆ ಹೋದಳು.

ಫಲಿತಾಂಶ ಬಂತು, ವಿಜ್ಞಾನದಲ್ಲಿ ತಾಲೂಕಿಗೇ ಮೊದಲು. ಕಾರ್ಡು ಬರೆಯುವ ದಿನ ಮೌನೇಶಾಚಾರ್ ಕೂಡ ಜೊತೆಗೆ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದರು. ಕಾಮಾಕ್ಷಿ ಕಾರ್ಡನ್ನು ನನ್ನ ಮುಂದೆ ಇಟ್ಟಳು. ಅದರ ಮೇಲೆ ಆಗಲೇ ಏನೋ ಬರೆದಿತ್ತು, ಪೆನ್ಸಿಲ್ಲಿನಲ್ಲಿ, ಚಿಕ್ಕ ಅಕ್ಷರದಲ್ಲಿ, ಎರಡು ಸಾಲು.

"ನಾನೇ ಒಂದು ಬರ್ಕೊಂಡು ಬಂದಿದ್ದೀನಿ ಮೇಡಂ. ಒಂದ್ಸಲ ನೋಡಿ."

ಕನ್ನಡಕ ಮೇಜಿನ ಮೇಲೇ ಇತ್ತು. ಕೈಚಾಚಿದರೆ ಸಿಗುತ್ತಿತ್ತು. ನಾನು ಚಾಚಿದ್ದು ರಬ್ಬರಿಗೆ. ನನ್ನ ಕಣ್ಣ ಮುಂದೆ ತಿಪ್ಪೇಶನ ಕಾರ್ಡಿತ್ತು, ಅವನ ತಾಯಿಯ ಸೆರಗಿತ್ತು. ಮಕ್ಕಳು ಸ್ವಂತ ಬುದ್ಧಿ ಓಡಿಸಿದರೆ ಹೀಗೇ ಆಗುವುದು, ಪೆನ್ಸಿಲ್ಲಿನಲ್ಲಿ ಬರೆದಿದ್ದಾಳಲ್ಲ, ಸದ್ಯ ಬಚಾವು ಎಂದುಕೊಂಡು ಎರಡೂ ಸಾಲನ್ನು ಉಜ್ಜಿ ಅಳಿಸಿದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಮೌನೇಶಾಚಾರ್, ಮೇಡಮ್ಮೋರು ಹೇಳಿದಂಗೆ ಬರಿ ಮಗ ಎಂದರು. ಅವಳು ಕಾರ್ಡಿನ ಮೇಲಿದ್ದ ರಬ್ಬರಿನ ಪುಡಿಯನ್ನು ಊದಿ, ಪೆನ್ನು ತೆಗೆದುಕೊಂಡಳು. ನಾನು ಹೇಳಿದೆ, ಅವಳು ಬರೆದಳು. ಸೀಟು, ಫೀಸು, ಊಟ, ಕೆಲಸ.

ಉತ್ತರದಲ್ಲಿ ಬಂದದ್ದು ಹಲ್ಲಿನ ಸೆಟ್ಟು ಮಾಡಲು ಕಲಿಸುವ ಒಂದು ಕಾಲೇಜು, ನಮ್ಮಿಂದ ಒಂದು ಹಗಲಿನ ಪ್ರಯಾಣ. ಯಾವುದೋ ಟ್ರಸ್ಟಿನವರು ಫೀಸು ಪೂರ್ತಿ ಮಾಫಿ ಮಾಡಿದರು. ಊರಿನವರು, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನೋ ಗಾದೆಯನ್ನೇ ಸುಳ್ಳು ಮಾಡ್ತಾಳೆ ಬಿಡಿ ನಮ್ಮ ಕಾಮಾಕ್ಷಿ ಎಂದು ಹಾಸ್ಯ ಮಾಡಿ ಬಸ್ಸು ಹತ್ತಿಸಿದರು. ನಾನೂ ನಕ್ಕೆ. ನನ್ನ ಪ್ರಶ್ನೆ ಇನ್ನೊಮ್ಮೆ ಗೆದ್ದಿತ್ತು.

ಏಳು ವರ್ಷ ಕಳೆಯಿತು. ಅವಳು ಆಗೀಗ ಊರಿಗೆ ಬಂದರೂ ಲೈಬ್ರರಿ ಕಡೆ ಬಂದಿರಲಿಲ್ಲ. ಈ ಬೇಸಿಗೆಯಲ್ಲಿ ರಜೆ ಹಾಕಿ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಒಳ್ಳೆಯ ಚಪ್ಪಲಿ, ಕೈಯಲ್ಲಿ ಮೈಸೂರುಪಾಕಿನ ಡಬ್ಬಿ. ನಾನು ಮೈಸೂರುಪಾಕನ್ನು ಒಂದೇ ದವಡೆಯಲ್ಲಿ ಅಗಿಯುವುದನ್ನು ನೋಡಿ, ಎರಡು ಹಲ್ಲು ಹೋಗಿದೆಯಲ್ಲ ಮೇಡಂ, ಅಳತೆ ತಗೊಂಡು ಹೋಗ್ತೀನಿ, ನಾನೇ ಮಾಡಿ ಕಳಿಸ್ತೀನಿ ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿತು. ಕೆಲಸ ಹೇಗಿದೆ ಎಂದೆ. ದಿನಕ್ಕೆ ಹದಿನಾಲ್ಕು ಸೆಟ್ಟು ಮಾಡುತ್ತಾಳಂತೆ. ಮಾಡಿದ್ದು ಒಂದೂ ವಾಪಸ್ ಬಂದಿಲ್ಲವಂತೆ. ಹೇಳುವಾಗ ಮುಖದಲ್ಲಿ ಏನೂ ಇರಲಿಲ್ಲ. ಬಸ್ಸಿನ ವೇಳಾಪಟ್ಟಿ ಹೇಳುವವರ ಮುಖ ಹಾಗಿರುತ್ತದೆ. ತೂಕ ಸರಿಯಿದೆ ಅಂತ ಯಾರು ನೋಡ್ತಾರೆ ಎಂದು ಅಪ್ಪನನ್ನೂ ನನ್ನನ್ನೂ ಕಾಡಿದ ಹುಡುಗಿ ಇವಳೇನಾ ಎನಿಸಿತು.

"ಓದಿದ್ದು ಇಷ್ಟ ಆಯ್ತೇನಮ್ಮಾ?" ಎಂದು ಕೇಳಿದೆ. ಏಳು ವರ್ಷದ ಹಿಂದೆ ಕೇಳಬೇಕಿದ್ದ ಮಾತು.

ಅವಳು ಮೈಸೂರುಪಾಕಿನ ಡಬ್ಬಿಯ ಮುಚ್ಚಳ ಮುಚ್ಚಿದಳು. "ಹಾಸ್ಟೆಲ್ ಊಟ ಚೆನ್ನಾಗಿತ್ತು ಮೇಡಂ. ಫೀಸು ತಗೊಳ್ಳಲಿಲ್ಲ. ಮುಗಿದ ತಿಂಗಳೇ ಕೆಲಸ ಸಿಕ್ತು."

ಅವಳು ಕೊಂಕು ಮಾತಾಡುವವಳಲ್ಲ. ಕಾರ್ಡಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಅಷ್ಟೇ. ಕೇಳದೇ ಇದ್ದದ್ದಕ್ಕೆ ಉತ್ತರ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವತ್ತು ಪೆನ್ಸಿಲ್ಲಿನಲ್ಲಿ ಏನು ಬರೆದುಕೊಂಡು ಬಂದಿದ್ದೆ ಎಂದು ಕೇಳಿಯೇಬಿಟ್ಟೆ. ಅವಳ ಅಂಗೈ ಮೇಜಿನ ಮೂಲೆಯ ಮೇಲಿತ್ತು, ಒಮ್ಮೆ ಮೆಲ್ಲಗೆ ಒತ್ತಿ ನೋಡಿದಳು. ನೆನಪಿಲ್ಲ ಮೇಡಂ ಎಂದಳು. ನನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳಿದಳು ಎನ್ನುವುದು ಅವಳು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಗೊತ್ತಾಯಿತು.

ಆಮೇಲೆ ನನಗೆ ನೆಮ್ಮದಿಯಿಲ್ಲ. ಊಟಕ್ಕೆ ಕೂತರೂ ಆ ಎರಡು ಸಾಲು, ಪುಸ್ತಕ ತೆರೆದರೂ ಆ ಎರಡು ಸಾಲು. ಒಂದು ವಾರ ತಡೆದು, ಟ್ರಂಕು ತೆಗೆದೆ. ಕಾರ್ಡಿನ ಅಂಚು ಹಳದಿಯಾಗಿತ್ತು. ನಲವತ್ತೊಂದು ವರ್ಷ ಕಾದಿಟ್ಟ ಪ್ರಶ್ನೆಯನ್ನು ಪೆನ್ನಿನಲ್ಲಿ ಬರೆದೆ: ಕಾಮಾಕ್ಷಿಯ ಕಾರ್ಡಿನಿಂದ ನಾನು ಅಳಿಸಿದ ಪ್ರಶ್ನೆ ಯಾವುದು? ಉಗ್ರಾಣದ ಹಿಂದೆ ಹೋಗಿ ಪೆಟ್ಟಿಗೆಗೆ ಹಾಕಿ ಬಂದೆ. ದಾರಿಯಲ್ಲಿ ಸಿಕ್ಕಿದ ತಿಪ್ಪೇಶ, ಕೊನೆಗೂ ಹಾಕಿದ್ರಾ ಮೇಡಂ ಎಂದು ಬಾಯಿ ತೆರೆದುಕೊಂಡು ನಿಂತ.

ಮೂರನೇ ದಿನ ಬೆಳಿಗ್ಗೆ ಹೊಸ್ತಿಲ ಮೇಲೆ ಕಾರ್ಡು ಬಿದ್ದಿತ್ತು. ಈ ಸಲ ಮೊದಲು ಕನ್ನಡಕ ಹಾಕಿಕೊಂಡೆ. ಹಿಂಬದಿಯಲ್ಲಿ ಅವಳ ಮಾತು ಹಾಗೆಯೇ ಇತ್ತು: ಲೈಬ್ರರಿ ಮೇಡಂ ಮೇಜಿನ ಕಾಲಿನ ಕೆಳಗೆ ಇಟ್ಟಿರುವ ಪುಸ್ತಕದ ಕಾಲೇಜಿಗೆ ನಾನು ಹೋಗಿ ಓದುವುದಕ್ಕೆ ಆಗುತ್ತದೆಯೇ?

ಲೈಬ್ರರಿ ಬಾಗಿಲು ತೆಗೆಯುವ ಹೊತ್ತಿಗೆ ಇನ್ನೂ ಎರಡು ಗಂಟೆ ಇತ್ತು. ಕೀಲಿಕೈ ತೆಗೆದುಕೊಂಡು ಓಡಿದೆ. ಐವತ್ತೆಂಟರ ಮಂಡಿ ಬಗ್ಗುವುದಿಲ್ಲ, ನೆಲದ ಮೇಲೆ ಕೂತು, ಭುಜ ಕೊಟ್ಟು ಮೇಜು ಎತ್ತಿ, ಆ ನೀಲಿ ರಟ್ಟಿನ ಪುಸ್ತಕವನ್ನು ಎಳೆದೆ. ನಡುವೆ ಮೇಜಿನ ಕಾಲಿನ ಚೌಕದ ಗುರುತು ಆಳವಾಗಿ ಕೂತಿತ್ತು. ಅದು ಅಳತೆಯ ವಿಜ್ಞಾನ ಕಲಿಸುವ ಕಾಲೇಜು. ತೂಕ, ಉದ್ದ, ಕಾಲ, ಶಾಖ, ಇವುಗಳನ್ನು ಸರಿಯಾಗಿ ಅಳೆಯುವುದು ಹೇಗೆ, ಅಳತೆಗೋಲನ್ನೇ ಅಳೆಯುವುದು ಹೇಗೆ ಎಂದು ನಾಲ್ಕು ವರ್ಷ ಹೇಳಿಕೊಡುತ್ತಾರೆ. ಇರುವುದು ಹನ್ನೆರಡು ಸೀಟು. ಪ್ರವೇಶ ಪರೀಕ್ಷೆ ಪಾಸಾದವರಿಗೆ ಫೀಸಿಲ್ಲ. ಹಾಸ್ಟೆಲಿದೆ, ಊಟವೂ ಇದೆ. ಕೆಲಸದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನನ್ನ ನಾಲ್ಕು ಷರತ್ತಿನಲ್ಲಿ ಅದೊಂದಕ್ಕೆ ಸಿಕ್ಕಿಹಾಕಿಕೊಂಡು ಈ ಕಾಲೇಜು ಹೊರಗೆ ಉಳಿದಿರಬೇಕು. ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಗೆರೆ ಇತ್ತು. ಆ ಗೆರೆ ಎಳೆದವಳು ಮೇಜಿನ ಕೆಳಗೆ ಕೂತಿದ್ದ ಹುಡುಗಿ. ಅವಳು ನನ್ನನ್ನು ಕೇಳಿದ್ದಳು, ಬೇಕಾಗಲ್ವಾ ಎಂದು. ಯಾರಿಗೆ ಬೇಕು ಎಂದವಳು ನಾನು.

ಅವಳಿಗೆ ಹೋಗಲು ಆಗುತ್ತಿತ್ತೇ? ಆ ಉತ್ತರ ಇನ್ನು ಯಾರಿಗೂ ಸಿಗುವುದಿಲ್ಲ. ಅವಳ ಕಾರ್ಡು ಹಲ್ಲಿನ ಸೆಟ್ಟಿಗೆ ಹೋಯಿತು. ನನ್ನ ಕಾರ್ಡು ನನ್ನ ಸಂಕಟಕ್ಕೆ ಹೋಯಿತು. ಅವಳಿಗಾಗಿ ಈಗ ಏನು ಮಾಡಬಹುದು ಎಂದು ಕೇಳಿದ್ದರೆ ಪೆಟ್ಟಿಗೆ ಅದನ್ನು ಹೇಳುತ್ತಿತ್ತು. ನಲವತ್ತೊಂದು ವರ್ಷ ಕಾದು ಕೊನೆಗೆ ನಾನು ಕೇಳಿದ್ದು ನನ್ನ ಮನಸ್ಸಿನ ಸಮಾಧಾನಕ್ಕೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಕೆಟ್ಟ ಮೇಲೂ ಬರಲಿಲ್ಲ. ಅಲ್ಲಿಯೇ ನೆಲದ ಮೇಲೆ ಕೂತು ಅತ್ತೆ. ಪೇಪರು ಓದಲು ಬಂದ ಇಬ್ಬರು ಕಿಟಕಿಯಲ್ಲಿ ನೋಡಿ, ಕೆಮ್ಮಿ, ಹೊರಗೇ ನಿಂತರು.

ಮೌನೇಶಾಚಾರ್ ಹತ್ತಿರ ನಂಬರು ಇಸಿದುಕೊಂಡು ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ. ಹಿಂದೆ ಏನೋ ಯಂತ್ರ ಉಜ್ಜುವ ಸದ್ದು ಕೇಳುತ್ತಿತ್ತು. ಕಾರ್ಡಿನಲ್ಲಿ ಬಂದದ್ದನ್ನು ಓದಿ ಹೇಳಿದೆ. ಸದ್ದು ನಿಂತಿತು.

"ಆ ಪುಸ್ತಕ ಇನ್ನೂ ಅಲ್ಲೇ ಇತ್ತಾ ಮೇಡಂ?"

"ಇತ್ತು ಕಣಮ್ಮಾ. ಈಗ ತೆಗೆದೆ. ತಪ್ಪು ಮಾಡಿದೆ ನಾನು. ಓದದೆ ಅಳಿಸಿಬಿಟ್ಟೆ."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. "ಹಾಗಾದ್ರೆ ಮೇಜು ಅಲ್ಲಾಡ್ತಿರುತ್ತೆ" ಎಂದಳು.

ನಿನ್ನ ಪರವಾಗಿ ಆ ಕಾಲೇಜಿಗೆ ಒಂದು ಕಾಗದ ಬರೆಯಲೇ, ಇಪ್ಪತ್ನಾಲ್ಕು ವಯಸ್ಸಿನವರನ್ನು ಪರೀಕ್ಷೆಗೆ ಕೂರಿಸುತ್ತಾರೆಯೇ ಎಂದು ಕೇಳಲೇ ಎಂದೆ. ಯಂತ್ರದ ಸದ್ದು ಮತ್ತೆ ಶುರುವಾಗಿ ಮತ್ತೆ ನಿಂತಿತು.

"ಬರೀರಿ ಮೇಡಂ. ಹಾಕೋ ಮುಂಚೆ ಒಂದ್ಸಲ ನನಗೆ ಓದಿ ಹೇಳಿ."

ಬರೆದೆ. ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು, ತಿದ್ದಿದೆ. ಸಾಮಾನ್ಯ ಲಕೋಟೆ, ಸಾಮಾನ್ಯ ಸ್ಟಾಂಪು, ಬಸ್ ನಿಲ್ದಾಣದ ಕೆಂಪು ಡಬ್ಬಕ್ಕೆ ಹಾಕಿದ್ದು. ಇಂದಿಗೆ ಹನ್ನೊಂದು ದಿನವಾಯಿತು. ಆ ಕಾಲೇಜು ಇನ್ನೂ ಇದೆಯೋ ಇಲ್ಲವೋ, ಇದ್ದರೂ ಉತ್ತರ ಬರೆಯುತ್ತಾರೋ ಇಲ್ಲವೋ, ಬರೆದರೂ ಅದು ನಿಜವಾಗಿರುತ್ತದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಊರಿನವರೆಲ್ಲ ಹೀಗೆಯೇ ಕಾಯುತ್ತಾರಂತೆ. ಈ ವರ್ಷದ ಮಕ್ಕಳು ಬರಲು ಶುರು ಮಾಡಿದ್ದಾರೆ. ಅವರನ್ನು ಎರಡೂ ಕಪಾಟಿನ ಮುಂದೆ ಕೂರಿಸಿದ್ದೇನೆ. ಓದುತ್ತಾರೆ, ನನ್ನ ಮೇಜಿನ ಮೇಲೆ ಪೆನ್ಸಿಲ್ ಇಡುತ್ತಾರೆ, ಅದು ಉರುಳಿ ಬೀಳುತ್ತದೆ, ಎತ್ತಿಕೊಂಡು ಮತ್ತೆ ಓದುತ್ತಾರೆ. ಕಾಲಿನ ಕೆಳಗೆ ನಾನು ಇನ್ನೂ ಏನನ್ನೂ ಇಟ್ಟಿಲ್ಲ.